ಒಂದು ಗೇಣು ನೀರು

ನವೆಂಬರ್ 5, ಬೆಳಿಗ್ಗೆ 6.50

ಏಳನೆಯ ಫೋಟೋ ಆಯಿತು. ದೋಣಿಕಟ್ಟೆಯ ತುದಿಯಿಂದ ಆರು ಹೆಜ್ಜೆ ಈಚೆ. ಕೈ ಮರಗಟ್ಟಿದೆ, ಫ್ಲಾಸ್ಕಿನ ಚಹಾ ಆರಿದೆ. ಸೂರ್ಯ ಬೆನ್ನ ಹಿಂದೆ ಸರೋವರದಿಂದ ಎದ್ದ. ಎದುರಿಗಿರುವ ಊರು ಒಂದೇ ನಿಮಿಷಕ್ಕೆ ಹಳದಿಯಾಯಿತು — ಗಡಿಯಾರದ ಗೋಪುರ, ಅದರ ಹಿಂದೆ ಆಸ್ಪತ್ರೆಯ ನೀರಿನ ಟ್ಯಾಂಕಿ, ಪಕ್ಕದಲ್ಲಿ ಒಂಬತ್ತು ಮಹಡಿಯ ಹೊಸ ಹೋಟೆಲು. ಅಪ್ಪನ ಫೋಟೋದಲ್ಲಿ ಹೋಟೆಲಿಲ್ಲ. ಮಿಕ್ಕದ್ದೆಲ್ಲ ಕೂದಲೆಳೆಯಷ್ಟೂ ತಪ್ಪದೆ ಕೂತಿದೆ. ಇವತ್ತಿನ ಮಟ್ಟಿಗೆ ನಾನು ಜಾಣೆ.

ಸಂಜೆ 5.55ಕ್ಕೆ ಎಂಟನೆಯದು.

ನವೆಂಬರ್ 5, ಸಂಜೆ 7.30

ದಾಖಲೆ ಸಾಹೇಬರ ಫೋನು. ನಗರಸಭೆಯ ಹಳೆಯ ಕಾಗದಪತ್ರಗಳ ಕೋಣೆ ಅವರ ಕೈಯಲ್ಲಿದೆ. ಈ ಪುಸ್ತಕದ ಹುಚ್ಚೂ ಅವರದೇ. ಎಡಪುಟದಲ್ಲಿ ಅಪ್ಪನ ಫೋಟೋ, ಬಲಪುಟದಲ್ಲಿ ಮಗಳದ್ದು. ಮೂವತ್ತೊಂದು ವರ್ಷ ಹಿಂದೆ ಅಪ್ಪ ತೆಗೆದ ಅದೇ ಇಪ್ಪತ್ತು ದಿನ, ಅದೇ ಗಳಿಗೆ, ಅದೇ ಜಾಗ. ದಿನಕ್ಕೆರಡು — ಒಂದು ಸೂರ್ಯೋದಯ, ಒಂದು ಸೂರ್ಯಾಸ್ತ. ನವೆಂಬರ್ 2ರಿಂದ 21. ಒಟ್ಟು ನಲವತ್ತು.

"ಮೇಡಂ, ಆ ನಲವತ್ತನೇದು ಸಿಕ್ತಾ?"

"ಇಲ್ಲ ಸಾರ್. ಕವರ್ ಖಾಲಿ."

"ಅಮ್ಮನ್ನ ಕೇಳಿ ನೋಡಿ. ಫೋಟೋ ಡಬ್ಬಿ ನಮಗೆ ಕೊಟ್ಟಿದ್ದೇ ಅವರಲ್ವಾ."

ಕೇಳಿದೆ. ಅಮ್ಮ ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಇದ್ದಿದ್ನೆಲ್ಲ ಕೊಟ್ಟಿದೀನಿ" ಎಂದಳು. ಅಷ್ಟೇ. ಅಪ್ಪ ಬೇರೆ ಊರಿಗೆ ಹೋದರು, ಬರಲಿಲ್ಲ — ನನಗೆ ಐದು ವರ್ಷವಾಗಿದ್ದಾಗಿನಿಂದ ಕೇಳಿದ್ದು ಇದೊಂದೇ ಸಾಲು. ಬಾಡಿಗೆ ಮನೆ ನೋಡುವಾಗಲೂ ಅಮ್ಮನದು ಒಂದೇ ಷರತ್ತು: ಕಿಟಕಿಗೆ ಸರೋವರ ಕಾಣಬಾರದು. ಈ ಊರಲ್ಲಿ ಅಂಥ ಮನೆ ಹುಡುಕುವುದು ತಮಾಷೆಯೇ?

ನವೆಂಬರ್ 9, ಸಂಜೆ

ಹದಿನಾರು ಮುಗಿಯಿತು. ಅಪ್ಪ ದಿನ ದಿನವೂ ಹಿಂದೆ ಹಿಂದೆ ಸರಿದಿದ್ದಾರೆ. ಊರಿನಿಂದ ದೂರ, ಕಟ್ಟೆಯ ತುದಿಯ ಕಡೆಗೆ. ದಿನಕ್ಕೆ ಒಂದೆರಡು ಹೆಜ್ಜೆ. ಯಾಕೆಂದು ತಿಳಿಯದು. ಜಾಗ ಹಿಡಿಯುವ ಗುಟ್ಟು ಮಾತ್ರ ತಿಳಿಯಿತು: ಹಿಂದೆ ಹೋದಷ್ಟೂ ಗೋಪುರಕ್ಕೂ ಟ್ಯಾಂಕಿಗೂ ನಡುವಿನ ಸಂದು ಕಿರಿದಾಗುತ್ತದೆ. ಅಪ್ಪನ ಪ್ರಿಂಟಿನಲ್ಲಿ ಆ ಸಂದನ್ನು ಅಳೆದರೆ ಸಾಕು. ಅವರ ಟ್ರೈಪಾಡ್ ನಿಂತ ಕಲ್ಲೇ ಸಿಗುತ್ತದೆ.

ಮನೆಯಲ್ಲಿ ಇವರಿಗೆ — ನನ್ನ ಗಂಡನಿಗೆ — ಪಂಪ್‌ಹೌಸಿನಲ್ಲಿ ಹಗಲು ಪಾಳಿ. ಊಟ ಮಾಡುತ್ತ ನನ್ನ ಲೆಕ್ಕಾಚಾರ ಕೇಳಿದರು. "ನೀನು ಹಿಡಿದ ಮೊಲಕ್ಕೆ ಮೂರೇ ಕಾಲು."

"ಟ್ರೈಪಾಡಿಗೂ ಮೂರೇ ರೀ" ಎಂದೆ. ನಕ್ಕರು. ಅಮ್ಮ ನಗಲಿಲ್ಲ.

ನವೆಂಬರ್ 11, ಸಂಜೆ 8.00

ಇಪ್ಪತ್ತನೆಯದು ಕಟ್ಟೆಯ ಕೊಟ್ಟಕೊನೆಯ ಕಲ್ಲಿನ ಮೇಲೆ. ಅಲ್ಲಿಂದ ಕೆಳಗೆ ಎರಡು ಮೆಟ್ಟಿಲು, ಆಮೇಲೆ ನೀರು.

ನಾಳೆಯ ಪ್ರಿಂಟು ಅಳೆದೆ. ಸಂದು ಇನ್ನೂ ಕಿರಿದು. ಮೂರು ಸಲ ಅಳೆದೆ. ಇಪ್ಪತ್ತೊಂದನೆಯ ಫೋಟೋ ತೆಗೆದದ್ದು ಕಟ್ಟೆಯಿಂದ ಎಂಟು ಹೆಜ್ಜೆ ಆಚೆ. ನೀರಿನಲ್ಲಿ. ಮೂವತ್ತರದ್ದು ಇನ್ನೂ ಆಚೆ. ಮೂವತ್ತೊಂಬತ್ತರದ್ದು ನೂರು ಹೆಜ್ಜೆಯ ಮೇಲೆ.

"ಆ ವರ್ಷ ನೀರು ಇಳಿದಿತ್ತೇನೋ" ಎಂದು ಇವರನ್ನು ಕೇಳಿದೆ. ಪಂಪ್‌ಹೌಸಿನಲ್ಲಿ ನೀರಿನ ಮಟ್ಟದ ಹಳೆಯ ರಿಜಿಸ್ಟರುಗಳೆಲ್ಲ ಇವೆ. ಸಹೋದ್ಯೋಗಿಗೆ ಫೋನ್ ಮಾಡಿ ತೆಗೆಸಿ ನೋಡಿಸಿದರು.

"ಆ ನವೆಂಬರ್‌ನಲ್ಲಿ ಈಗಿನಕ್ಕಿಂತ ಒಂದಡಿ ಜಾಸ್ತೀನೇ ಇತ್ತಂತೆ ಕಣೇ. ದೋಣಿಯಿಂದ ತೆಗೆದಿರ್ತಾರೆ ಬಿಡು."

ದೋಣಿಯಿಂದಲೇ ಇರಬೇಕು. ಆದರೆ ಈ ಬೆಳಕಿಗೆ, ಅಪ್ಪ ಬಳಸುತ್ತಿದ್ದ ನಿಧಾನದ ಫಿಲ್ಮಿನಲ್ಲಿ, ಮೂರ್ನಾಲ್ಕು ಸೆಕೆಂಡು ಶಟರ್ ತೆರೆದೇ ಇರಬೇಕು. ಗೋಪುರದ ಗಡಿಯಾರದ ಮುಳ್ಳುಗಳು ಸೂಜಿಯ ಹಾಗೆ ಚೂಪಾಗಿವೆ. ಯಾವ ದೋಣಿ ಮೂರು ಸೆಕೆಂಡು ಉಸಿರು ಹಿಡಿದು ನಿಲ್ಲುತ್ತದೆ?

ನವೆಂಬರ್ 12, ಬೆಳಿಗ್ಗೆ 7.15

ಹುಟ್ಟಜ್ಜನ ದೋಣಿ ಗೊತ್ತು ಮಾಡಿಕೊಂಡೆ. ಹುಟ್ಟು ಹಾಕುವ ಅಜ್ಜ, ಅದಕ್ಕೆ ಹುಟ್ಟಜ್ಜ. "ಹುಟ್ಟಿದಾಗಲೇ ಅಜ್ಜನಾಗಿದ್ದೆ ತಾಯಿ, ಅದಕ್ಕೆ" ಎಂದು ತಾನೇ ಹೇಳಿಕೊಂಡು ನಗುತ್ತಾನೆ. ಜಾಗಕ್ಕೆ ಹೋದೆವು. ಸಂದು ಸರಿಹೊಂದಿತು. ಗಳ ಇಳಿಸಿ ನೋಡಿ ಎಂದೆ. ಹದಿನೆಂಟಡಿಯ ಗಳ ಪೂರ್ತಿ ಮುಳುಗಿತು. ತಳ ಸಿಗಲಿಲ್ಲ.

ಫೋಟೋ ಅಲುಗಿದೆ. ಅಪ್ಪನ ಹಾಗೆಯೇ ಮೂರು ಸೆಕೆಂಡು ಇಟ್ಟು ಹನ್ನೆರಡು ಸಲ ತೆಗೆದೆ, ಹನ್ನೆರಡೂ ಅಲುಗಿವೆ.

ವಾಪಸು ಬರುವಾಗ ಕೇಳಿದೆ. "ಅಜ್ಜ, ಹಿಂದೆ ಒಬ್ಬರು ಫೋಟೋಗ್ರಾಫರ್ ನಿಮ್ಮ ದೋಣೀಲಿ ಬರ್ತಿದ್ರಾ? ಮೂವತ್ತು ವರ್ಷದ ಮಾತು."

ಹುಟ್ಟು ನಿಂತಿತು. "ನೀವು ಅವರ ಮಗಳಾ?"

"ಹೂಂ."

"ಆಗ ಇಲ್ಲಿ ಇದ್ದಿದ್ದೇ ಎರಡು ದೋಣಿ. ಒಂದು ನಂದು, ಇನ್ನೊಂದು ನಮ್ಮಣ್ಣಂದು. ಅವರು ಎರಡಕ್ಕೂ ಹತ್ತಲಿಲ್ಲ ತಾಯಿ. ಒಂದಿನಾನೂ."

ಆಮೇಲೆ ಅವನು ದಡದ ಕಡೆಗೆ ಬೇಗ ಬೇಗ ಹುಟ್ಟು ಹಾಕಿದ.

ನವೆಂಬರ್ 14, ಸಂಜೆ

ಇಪ್ಪತ್ತೈದು, ಇಪ್ಪತ್ತಾರು. ಎರಡೂ ಅಲುಗಿವೆ. ಸಾಹೇಬರಿಗೆ ಕಳಿಸಲು ನಾಚಿಕೆ. ಅಪ್ಪನ ಪಕ್ಕದ ಪುಟದಲ್ಲಿ ಈ ಕಲಸಿದ ಹಿಟ್ಟನ್ನು ಅಚ್ಚು ಹಾಕಿಸಲೇ? ರಾತ್ರಿ ನಿದ್ದೆ ಬರುವುದಿಲ್ಲ, ಸಂದು ಅಳೆಯುತ್ತಲೇ ಇರುತ್ತೇನೆ.

ನವೆಂಬರ್ 15, ಬೆಳಿಗ್ಗೆ 7.40

ಆದದ್ದು ಆದಂತೆ ಬರೆಯುತ್ತೇನೆ.

ಮಂಜು. ಕಟ್ಟೆಯ ತುದಿಯೇ ಕಾಣುತ್ತಿರಲಿಲ್ಲ. ಹುಟ್ಟಜ್ಜ ಬರಲಿಲ್ಲ. 6.20 ಆಯಿತು, ಗಳಿಗೆ ತಪ್ಪುತ್ತಿದೆ. ಅಜ್ಜನನ್ನು ಕೂಗಿ ನೋಡೋಣವೆಂದು ಕೊನೆಯ ಎರಡು ಮೆಟ್ಟಿಲು ಇಳಿದೆ. ಮೂರನೆಯ ಮೆಟ್ಟಿಲು ಸಿಕ್ಕಿತು.

ಮೂರನೆಯದು ಇಲ್ಲ. ನನಗೆ ಗೊತ್ತು, ಹತ್ತು ದಿನ ನೋಡಿದ್ದೇನೆ. ಆದರೂ ಕಾಲಿಗೆ ಸಿಕ್ಕಿತು. ಕಲ್ಲು. ನೀರು ಕಾಲಿನ ಗೆಣ್ಣಿಗಿಂತ ಸ್ವಲ್ಪ ಮೇಲೆ. ಮುಂದಿನ ಹೆಜ್ಜೆಯೂ ಸಿಕ್ಕಿತು. ಹೆಜ್ಜೆ ಎಣಿಸುತ್ತ ಹೋದೆ. ಮೂವತ್ತನೆಯ ಹೆಜ್ಜೆಗೆ ಮಂಜು ಸರಿಯಿತು, ಊರು ಕಾಣಿಸಿತು, ಸಂದು ಸರಿಹೊಂದಿತು. ಟ್ರೈಪಾಡ್ ಊರಿದೆ. ಇಪ್ಪತ್ತೇಳನೆಯದು ತೆಗೆದೆ. ತಿರುಗಿ ಬಂದೆ.

ಬಂದು ಕೂತ ಮೇಲೆ ಹೆದರಿಕೆಯಾದದ್ದು.

ಹುಟ್ಟಜ್ಜ ಬಂದಾಗ ನಡೆದದ್ದನ್ನು ಅವನಿಗೆ ಹೇಳಲಿಲ್ಲ. ಗಳ ಇಸಿದುಕೊಂಡು ನಾನೇ ಕಟ್ಟೆಯ ತುದಿಯಲ್ಲಿ ಇಳಿಬಿಟ್ಟೆ. ಪೂರ್ತಿ ಹೋಯಿತು. ಮೊಳಕೈವರೆಗೂ ತೋಳು ನೀರಿಗೆ ಹೋಯಿತು.

ಫೋಟೋ ಸೂಜಿಯಷ್ಟು ಚೂಪಾಗಿದೆ.

ನವೆಂಬರ್ 15, ಸಂಜೆ 6.30

ಮತ್ತೆ ಹೋದೆ. ಕಲ್ಲು ಸಿಕ್ಕಿತು. ಇವರಿಗೆ ಹೇಳಲಿಲ್ಲ. ಹೇಳಿದರೆ ಇನ್ನು ಹೋಗಲು ಬಿಡುವುದಿಲ್ಲ.

ನವೆಂಬರ್ 18, ಸಂಜೆ

ಮೂವತ್ತನಾಲ್ಕು. ಎಪ್ಪತ್ತು ಹೆಜ್ಜೆ.

ಅಲ್ಲಿ ಸದ್ದಿಲ್ಲ. ದಡದಲ್ಲಿ ಬಸ್ಸು ಹೋಗುವುದು ಕಾಣುತ್ತದೆ, ಸದ್ದಿಲ್ಲ. ಗಡಿಯಾರ ಆರು ಹೊಡೆದದ್ದು ಮುಳ್ಳು ನೋಡಿ ಗೊತ್ತಾಯಿತು. ಕಾಲಿಗೆ ಚಳಿಯೂ ಇಲ್ಲ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎನ್ನುತ್ತಾರಲ್ಲ — ಆ ಮಾತು ಇಷ್ಟು ನಿಜವಾಗಬಾರದಿತ್ತು.

ದಿನವಿಡೀ ಬೇರೆ ಕೆಲಸ ಬೇಕೆನಿಸುವುದಿಲ್ಲ. ಬೆಳಗಾಗಲಿ, ಸಂಜೆಯಾಗಲಿ ಎಂದು ಕಾಯುವುದು. ನಿನ್ನೆ ಇವರು ಏನೋ ಕೇಳಿದರಂತೆ, ನಾನು ಉತ್ತರಿಸಲಿಲ್ಲವಂತೆ. "ಮೂರು ಸಲ ಕರೆದೆ" ಎಂದರು. ಕೇಳಿಸಿರಲಿಲ್ಲ.

ನವೆಂಬರ್ 19, ಮಧ್ಯಾಹ್ನ 12.10

ಸಾಹೇಬರ ಫೋನು. ದನಿಯಲ್ಲಿ ಸಿಟ್ಟು.

"ಏನ್ ಮೇಡಂ ಇದು? ಹಳೇ ಫೋಟೋನೇ ಸ್ಕ್ಯಾನ್ ಮಾಡಿ ಕಳ್ಸಿದ್ದೀರಲ್ಲ?"

"ಇಲ್ಲ ಸಾರ್, ನಿನ್ನೆ ತೆಗೆದಿದ್ದು."

"ನಿನ್ನೆ ತೆಗೆದಿದ್ರೆ ಹೋಟೆಲ್ ಎಲ್ಲಿ ಹೋಯ್ತು? ಒಂಬತ್ತು ಮಹಡಿ, ಜೇಬಲ್ಲಿ ಇಟ್ಕೊಂಡ್ರಾ?"

ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಇಪ್ಪತ್ತೇಳರಲ್ಲಿ ಹೋಟೆಲಿದೆ. ಇಪ್ಪತ್ತೊಂಬತ್ತರಲ್ಲಿ ಮಾಸಲು. ಮೂವತ್ತೊಂದರಲ್ಲಿ, ಆ ಜಾಗದಲ್ಲಿ ಎರಡು ಹೆಂಚಿನ ಮನೆಗಳು. ಅಪ್ಪನ ಫೋಟೋದಲ್ಲಿದ್ದವೇ. ಬಣ್ಣದಲ್ಲಿವೆ — ಒಂದರ ಬಾಗಿಲು ನೀಲಿ. ಅಪ್ಪ ತೆಗೆದದ್ದು ಕಪ್ಪು ಬಿಳುಪು. ನೀಲಿಯನ್ನು ನಾನು ಎಲ್ಲಿಂದ ಸ್ಕ್ಯಾನ್ ಮಾಡಲಿ?

ಇಷ್ಟು ದಿನವೂ ವ್ಯೂಫೈಂಡರಿನಲ್ಲಿ ನೋಡುತ್ತಿದ್ದೆ. ಹೋಟೆಲಿಲ್ಲ ಎಂದು ಒಮ್ಮೆಯೂ ಅನಿಸಲಿಲ್ಲ. ಅದಕ್ಕೇ ಹೆಚ್ಚು ಭಯ.

ಆದರೂ ಸಂಜೆ ಹೋಗಿ ಬಂದೆ. ಮೂವತ್ತಾರು.

ನವೆಂಬರ್ 20, ಸಂಜೆ 9.00

ಬೆಳಿಗ್ಗೆ ಮೂವತ್ತೇಳು. ಸಂಜೆಯದಕ್ಕೆ ಹೋಗಲಾಗಲಿಲ್ಲ. ಅಮ್ಮ ಬಾಗಿಲಿಗೆ ಅಡ್ಡ ಕೂತಳು.

ಬಾಲ್ಕನಿಯಲ್ಲಿ ಟ್ರೈಪಾಡ್ ಒಣಗಲು ಇಟ್ಟಿದ್ದೆ. ಅಮ್ಮ ಬಟ್ಟೆ ತರಲು ಹೋದವಳು ಅಲ್ಲೇ ನಿಂತುಬಿಟ್ಟಳು. ಕರೆದರೆ ಬರಲಿಲ್ಲ. ಹೋಗಿ ನೋಡಿದರೆ ನೆಲದ ಮೇಲೆ ಕೂತು, ಟ್ರೈಪಾಡಿನ ಕಾಲಿಗೆ ಹೆಬ್ಬೆರಳೂ ಕಿರುಬೆರಳೂ ಚಾಚಿ ಅಳೆಯುತ್ತಿದ್ದಾಳೆ. ಪಾಚಿಯ ಗೆರೆ. ಮೂರು ಕಾಲಿಗೂ ಒಂದೇ ಎತ್ತರಕ್ಕೆ.

"ಒಂದು ಗೇಣು" ಎಂದಳು. "ಅವರದ್ದೂ ಒಂದು ಗೇಣೇ ಇತ್ತು."

ಆಮೇಲೆ ಹೇಳಿದಳು. ಮೂವತ್ತೊಂದು ವರ್ಷಕ್ಕೆ ಮೊದಲ ಸಲ.

"ನಿಮ್ಮಪ್ಪ ಬೇರೆ ಊರಿಗೆ ಹೋದ್ರು ಅಂತ ನಾನೇ ಹೇಳಿದ್ದು. ಹೋಗಿದ್ದನ್ನ ನೋಡಿದವರು ಯಾರೂ ಇಲ್ಲ. ಕೊನೇ ದಿನ ಬೆಳಿಗ್ಗೆ ಬಂದವರು, ಇನ್ನು ಆ ಜಾಗಕ್ಕೆ ಹೋಗಲ್ಲ, ಹೆದರಿಕೆ ಆಗತ್ತೆ ಅಂದ್ರು. ಯಾಕೆ ಅಂದ್ರೆ ಹೇಳಲಿಲ್ಲ. ಸಂಜೆ ದಡದಲ್ಲೇ ಕೂತು ಬರ್ತೀನಿ ಅಂತ ಕ್ಯಾಮೆರಾ ಮನೇಲೇ ಇಟ್ಟು ಬರೀ ಕೈಯಲ್ಲಿ ಹೋದ್ರು. ಬರಲಿಲ್ಲ. ಬೆಳಗಾದ್ಮೇಲೆ ಹುಡುಕ್ಕೊಂಡು ಹೋದೆ, ನಿನ್ನ ಸೊಂಟದ ಮೇಲೆ ಕೂರಿಸ್ಕೊಂಡು. ದಡದ ಮೆಟ್ಟಿಲ ಮೇಲೆ ಕ್ಯಾಮೆರಾ ಸ್ಟ್ಯಾಂಡಿನ ಸಮೇತ ನಿಂತಿತ್ತು. ಸ್ಟ್ಯಾಂಡಿನ ಕಾಲು ಒಂದು ಗೇಣು ಒದ್ದೆ. ಮನೇಲಿಟ್ಟ ಕ್ಯಾಮೆರಾ ಅಲ್ಲಿಗೆ ಹೆಂಗೆ ಬಂತು ಅಂತ ನಂಗೆ ಗೊತ್ತಿಲ್ಲ ಕಣೇ."

"ಪೊಲೀಸ್‌ಗೆ?"

"ಹೇಳಿದೆ. ಎರಡು ದಿನ ನೀರಲ್ಲಿ ಹುಡುಕಿದ್ರು. ಅಷ್ಟರಲ್ಲಿ ನಾನು ಫಿಲ್ಮು ತೊಳೆಸಿದ್ದೆ. ಕೊನೇ ಫೋಟೋ ನೋಡಿದ್ಮೇಲೆ, ಹುಡುಕೋದು ನಿಲ್ಲಿಸಿ ಅಂದುಬಿಟ್ಟೆ."

ಬೀರುವಿನ ತಳದಿಂದ, ಹಳೆಯ ಶಾಲಿನ ಮಡಿಕೆಯೊಳಗಿಂದ ತೆಗೆದುಕೊಟ್ಟಳು. ನಲವತ್ತನೆಯದು.

ನೀರಿನ ನಡುವಿನಿಂದ ತೆಗೆದದ್ದು. ಊರಿನ ಹಿಂದೆ ಸೂರ್ಯ ಮುಳುಗುತ್ತಿದ್ದಾನೆ, ಊರೆಲ್ಲ ಕಪ್ಪು. ದಡದ ಮೆಟ್ಟಿಲ ಮೇಲೆ ಒಬ್ಬರು ನಿಂತಿದ್ದಾರೆ. ಮುಖ ಕಾಣುವುದಿಲ್ಲ. ಎಡ ಭುಜ ಸ್ವಲ್ಪ ಇಳಿದಿದೆ — ವರ್ಷಗಟ್ಟಲೆ ಬ್ಯಾಗು ಹೊತ್ತ ಭುಜ. ನನ್ನದೂ ಹಾಗೆಯೇ ಇಳಿದಿದೆ. ಬಲಗೈ ಮೇಲಕ್ಕೆತ್ತಿದ್ದಾರೆ, ಅಂಗೈ ಇತ್ತ ಕಡೆಗೆ.

"ಅವರು ದಡದಲ್ಲಿದ್ರೆ ಫೋಟೋ ತೆಗೆದವರು ಯಾರು?" ಅಮ್ಮ ಕೇಳಿದಳು. ನನ್ನನ್ನಲ್ಲ. "ಯಾರೋ ಇದ್ದಾರೆ. ಅವರ ಜೊತೆ ಹೋದ್ರು. ನಮಗೆ ಟಾಟಾ ಮಾಡಿ ಹೋದ್ರು. ಹಂಗಂದ್ಕೊಂಡೇ ಇಷ್ಟು ವರ್ಷ ಬದುಕಿದೆ. ಸಿಟ್ಟಿತ್ತಲ್ಲ, ಅದೇ ಊರುಗೋಲು. ನಿನ್ನ ಹತ್ರ ಏನು ಹೇಳಲಿ, ಅಪ್ಪ ನಿನ್ನ ಬಿಟ್ಟು ಓಡಿಹೋದ ಅಂತಲಾ?"

ನಾನು ಕಲ್ಲಿನ ವಿಷಯ ಹೇಳಿದೆ. ಎಲ್ಲ. ಹೋಟೆಲಿನದ್ದೂ. ನಂಬುವುದಿಲ್ಲ ಎಂದುಕೊಂಡಿದ್ದೆ. ಅಮ್ಮ ನನ್ನ ಪಾದ ಹಿಡಿದು ನೋಡಿದಳು, ಮಗುವಿನ ಪಾದ ನೋಡುವ ಹಾಗೆ. "ಐಸ್ ಆಗಿದೆಯಲ್ಲೇ" ಎಂದಳು. ನನಗೆ ಗೊತ್ತೇ ಆಗಿರಲಿಲ್ಲ.

ಇವರು ಪಾಳಿ ಮುಗಿಸಿ ಬಂದಾಗ ನಾವಿಬ್ಬರೂ ಹಾಗೇ ಕೂತಿದ್ದೆವು. ಪಾದ ಅಮ್ಮನ ಮಡಿಲಲ್ಲಿ. ಇವರು ನೀರು ಬಿಸಿ ಮಾಡಿ ತಂದರು.

ನವೆಂಬರ್ 21, ಬೆಳಿಗ್ಗೆ 6.30

ಹೋಗಲಿಲ್ಲ. ಹಾಸಿಗೆಯಲ್ಲೇ ಕೂತು ಬರೆಯುತ್ತಿದ್ದೇನೆ. ಗಳಿಗೆ ಮೀರಿತು. ಮೈಯೆಲ್ಲ ಎಳೆಯುತ್ತಿದೆ, ಹಲ್ಲು ನೋವಿನ ಹಾಗೆ.

ಸಾಹೇಬರಿಗೆ ಹೇಳಿಬಿಟ್ಟೆ: ಆಗುವುದಿಲ್ಲ ಸಾರ್, ಮೂವತ್ತೇಳಕ್ಕೇ ನಿಲ್ಲಿಸಿ. "ಮೂರಕ್ಕೋಸ್ಕರ ಬಿಡ್ತೀರಾ?" ಎಂದರು. ಬಿಡುತ್ತೇನೆ.

ಕ್ಯಾಮೆರಾ, ಟ್ರೈಪಾಡ್ ಎರಡನ್ನೂ ಅಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬೀಗದ ಕೈ ಅವಳ ಮುಷ್ಟಿಯಲ್ಲಿ. ಇವರು ರಜೆ ಹಾಕುತ್ತೇನೆ ಎಂದರು. ಬೇಡ ಎಂದು ಕಳಿಸಿದೆ. ಸಂಜೆ ಆರೂವರೆಗೆ ಬಂದುಬಿಡುತ್ತಾರೆ.

ನವೆಂಬರ್ 21, ಮಧ್ಯಾಹ್ನ 3.00

ಅಮ್ಮ ಇದ್ದಕ್ಕಿದ್ದಂತೆ ಹೇಳಿದಳು: "ಸಂಜೆ ಅಲ್ಲಿಗೆ ಹೋಗೋಣ."

"ಅಮ್ಮಾ, ನೀನೇ ತಡೆದೆಯಲ್ಲ!"

"ನೀರಿಗಲ್ಲ. ಮೆಟ್ಟಿಲವರೆಗೆ. ನಾನೂ ಬರ್ತೀನಿ. ಅವರು ನಿಂತ ಜಾಗದಲ್ಲಿ ಒಂದು ಸಲ ನಿಂತು, ಬೈಯೋದೆಲ್ಲ ಬೈದು ಬರ್ತೀನಿ. ಕ್ಯಾಮೆರಾ ಇಲ್ಲ, ಏನಿಲ್ಲ. ಏನಾಗತ್ತೆ?"

ಬೇಡ ಎಂದೆ. ಅಪ್ಪನೂ ಬರೀ ಕೈಯಲ್ಲೇ ಹೋದದ್ದು ಎಂದು ನೆನಪಿಸಿದೆ. "ಅವರು ಒಬ್ಬರೇ ಹೋದ್ರು, ನಾವು ಇಬ್ಬರು" ಎಂದಳು. ಮೂವತ್ತೊಂದು ವರ್ಷ ಆ ಕಡೆ ತಲೆ ಹಾಕದವಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಒಬ್ಬಳನ್ನೇ ಕಳಿಸಲೇ?

ನವೆಂಬರ್ 21, ಸಂಜೆ 5.30

ಕಟ್ಟೆಯ ಬುಡದಲ್ಲಿ, ರಸ್ತೆಯಿಂದ ನೀರಿಗಿಳಿಯುವ ದಡದ ಮೆಟ್ಟಿಲ ಮೇಲೆ ಕೂತಿದ್ದೇವೆ. ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ. ಬೆನ್ನ ಹಿಂದೆ ಊರು, ಅದರ ಹಿಂದೆ ಸೂರ್ಯ. ಎದುರಿಗೆ ನೀರು, ತಾಮ್ರದ ತಟ್ಟೆ. ಒಂದು ದೋಣಿಯೂ ಇಲ್ಲ. ಹುಟ್ಟಜ್ಜ ಇವತ್ತು ಬೇಗ ಕಟ್ಟಿ ಹೋಗಿದ್ದಾನೆ.

ಅಮ್ಮ ಬೈಯಲಿಲ್ಲ. "ಇಷ್ಟು ಚೆಂದ ಇರತ್ತಾ ಇದು" ಎಂದಳು.

5.46

ಹಿಂದಿನ ರಸ್ತೆಯ ಸದ್ದು ನಿಂತಿದೆ. ತಿರುಗಿ ನೋಡಿದೆ, ಬಸ್ಸು ಹೋಗುತ್ತಿದೆ. ಸದ್ದಿಲ್ಲ. ಅಲ್ಲಿ, ನೀರಿನಲ್ಲಿ ನಿಂತಾಗ ಆಗುತ್ತಿದ್ದ ಹಾಗೆಯೇ. ಆದರೆ ನಾನಿರುವುದು ದಡದಲ್ಲಿ. ಅಮ್ಮನಿಗೆ ಹೇಳಿದೆ, ಏಳು ಹೋಗೋಣ.

"ಅದು ಯಾರೇ?" ಎಂದಳು.

ನೂರು ಹೆಜ್ಜೆ ಆಚೆ. ನೀರಿನ ಮೇಲೆ ಮೂರು ಕಾಲು ನಿಂತಿವೆ. ಅವುಗಳ ಹಿಂದೆ ಒಬ್ಬರು. ನೀರು ಗೆಣ್ಣಿಗಿಂತ ಸ್ವಲ್ಪ ಮೇಲೆ. ಬೆಳಕೆಲ್ಲ ಅವರ ಮೇಲೆಯೇ ಬೀಳುತ್ತಿದೆ, ಮುಖ ಕಾಣಬೇಕು. ಮುಖದ ಜಾಗದಲ್ಲಿ ಕ್ಯಾಮೆರಾ ಇದೆ. ನನ್ನದೇ. ಪಟ್ಟಿಯ ಕೆಂಪು ಇಲ್ಲಿಗೂ ಕಾಣುತ್ತದೆ.

ಅಮ್ಮ ಮುಷ್ಟಿ ಬಿಚ್ಚಿ ನೋಡಿದಳು. ಬೀಗದ ಕೈ ಇದೆ.

5.50

ಅಮ್ಮ ಎದ್ದು ನಿಂತಿದ್ದಾಳೆ. ಎಳೆದರೂ ಬರುತ್ತಿಲ್ಲ. ಅವಳ ಬಲಗೈ ಮೇಲಕ್ಕೆ ಹೋಯಿತು, ಅಂಗೈ ನೀರಿನ ಕಡೆಗೆ. ಆ ಫೋಟೋದಲ್ಲಿ ಇರುವ ಹಾಗೆಯೇ. ಕೈ ಎತ್ತಿದ ಮೇಲೆ ಅದು ಅವಳಿಗೇ ಕಂಡಿತು. ತನ್ನ ಕೈಯನ್ನು ತಾನೇ ನೋಡಿದಳು.

"ಟಾಟಾ ಅಲ್ಲ ಕಣೇ ಅದು" ಎಂದಳು. "ಬೇಡ ಅಂತ. ತೆಗೀಬೇಡ ಅಂತ. ಆ ಫೋಟೋನೇ ಅವರನ್ನ ತಗೊಂಡು ಹೋಗಿದ್ದು. ಅವರು ಹೋಗ್ಲಿಲ್ಲ ಕಣೇ, ನಮ್ಮನ್ನ ಬಿಟ್ಟು ಹೋಗ್ಲಿಲ್ಲ… ಎಷ್ಟು ಬೈದೆನಲ್ಲೇ ಆ ಮನುಷ್ಯನ್ನ…"

ಅಳುತ್ತಿದ್ದಾಳೆ, ನಗುತ್ತಲೂ ಇದ್ದಾಳೆ. ಅವಳ ಎಡಗೈ ನನ್ನ ಎಡಗೈಯಲ್ಲಿದೆ. ಬಿಡುವುದಿಲ್ಲ. ಐದೇ ಮೆಟ್ಟಿಲು, ಮೇಲೆ ರಸ್ತೆ. ನೀರಿನಲ್ಲಿರುವವರು ಕ್ಯಾಮೆರಾಕ್ಕೆ ಬಗ್ಗಿದರು. ಎತ್ತಿಕೊಂಡಾದರೂ ಸರಿ, ಅಮ್ಮನನ್ನು ಈಗ